ಕಂಬಳಿಯ ತೂಕ ಕಳೆದು

ಜುಲೈ. ಮಾಲೂತಿ ಬೆಟ್ಟಗಳ ಮೇಲೆ ಮೊಣಕಾಲುದ್ದ ಹಿಮ.
ಸೆಮೊಂಕೊಂಗಿನ ದವಾಖಾನೆಯ ದಾರಿಗೆ
ಕುದುರೆಯೂ ಇಳಿಯಲೊಲ್ಲದ ರಾತ್ರಿ.
ಐದು ತಿಂಗಳ ಖೌಹೆಲೊ ನನ್ನ ತೋಳಿನಲ್ಲಿ
ಒಲೆಯಿಂದ ಆಗಷ್ಟೇ ತೆಗೆದ ಕಲ್ಲು.

ಜ್ವರದ ಸಿರಪ್ಪಿನ ಬಾಟಲಿ ಇತ್ತು, ನಗುವ ಕೂಸಿನ ಚಿತ್ರವಿತ್ತು.
ಎಷ್ಟು ಕೊಡಬೇಕೆಂಬ ಸಾಲು ಮಾತ್ರ
ಸೋರಿದ ಸಿರಪ್ಪಿನಲ್ಲಿ ನೆನೆದು ಅಳಿಸಿತ್ತು.

ಸಿಗ್ನಲ್ ಸಿಗಬೇಕಾದರೆ ಕುರಿದೊಡ್ಡಿಯ ಗೋಡೆ ಹತ್ತಬೇಕು,
ಹತ್ತಿ ಒಂದು ಕಡೆ ವಾಲಬೇಕು.
ವಾಲಿದೆ.
ನರ್ಸ್ ಮಾಲೆಬೊಹಾಂಗ್ ನಿದ್ದೆಗಣ್ಣಲ್ಲೇ ಕೇಳಿದಳು:
ಹಾಲು ಕುಡಿಯುತ್ತಾಳಾ? ಕುಡಿಯುತ್ತಾಳೆ, ಬಿಟ್ಟು ಬಿಟ್ಟು.
ಉಸಿರಾಡುವಾಗ ಪಕ್ಕೆ ಗುಳಿ ಬೀಳುತ್ತದಾ? ಇಲ್ಲ.
ಎಬ್ಬಿಸಿದರೆ? ಬೈಯುವವಳ ಹಾಗೆ ನೋಡುತ್ತಾಳೆ.
ಬಾಟಲಿ ಮೇಲಿನ ಅಂಕಿ ಓದು.
ಐದು ಮಿಲಿಗೆ ನೂರಿಪ್ಪತ್ತು.
ಸರಿ. ಹನಿ ಬಿಡುವ ಚಿಕ್ಕ ಬಾಟಲಿಯಾಗಿದ್ದರೆ ಲೆಕ್ಕವೇ ಬೇರೆ,
ಅದು ನಾಲ್ಕು ಪಟ್ಟು ಗಟ್ಟಿ.
ಮೂರು ತಿಂಗಳು ತುಂಬದ ಕೂಸಾಗಿದ್ದರೆ ಔಷಧಿಯ ಮಾತೇ ಇಲ್ಲ,
ಹಿಮವೋ ಗಿಮವೋ, ಹೊರಡು ಅನ್ನುತ್ತಿದ್ದೆ.
ಈಗ ತೂಕ ಹೇಳು.
ಐದು ತಿಂಗಳು, ಅಂದೆ.
ವಯಸ್ಸು ಕೇಳಲಿಲ್ಲ, ಅಂದಳು.

ಹದಿನಾರು ವರ್ಷದಿಂದ ಉಣ್ಣೆ ಗೋದಾಮಿನಲ್ಲಿ ತೂಗುವವನು ನಾನು.
ಒದ್ದೆ ಉಣ್ಣೆ ತಂದು ಒಣಗಿದೆ ಅನ್ನುವವರನ್ನು ಬಲ್ಲೆ,
ಮೂಟೆಯ ನಡುವೆ ಕಲ್ಲಿಟ್ಟವರನ್ನೂ.
ಸ್ವಂತ ಮಗಳ ತೂಕ ಗೊತ್ತಿರಲಿಲ್ಲ.

ಬೀಗ ತೆಗೆದೆ. ಲಿನೆಯೊ ಲಾಟೀನು ಹಿಡಿದಳು.
ಕಂಬಳಿಯ ನಾಲ್ಕು ಮೂಲೆ ಸೇರಿಸಿ ಕೊಕ್ಕೆಗೆ ಹಾಕಿದರೆ
ಮುಳ್ಳು ನಡುಗಿತು. ಅಥವಾ ನನ್ನ ಕಣ್ಣು.
ಏಳು ಕಿಲೊ ನಾನೂರು.
ಕೂಸನ್ನು ತಾಯಿಗೆ ಕೊಟ್ಟು ಬರೀ ಕಂಬಳಿ ತೂಗಿದೆ:
ಒಂದು ಕಿಲೊ ನಾನೂರು.
ಉಳಿದದ್ದು ನನ್ನ ಮಗಳು.

ಮತ್ತೆ ಗೋಡೆ. ಆರು ಕಿಲೊ, ಎಂದು ಕೂಗಿದೆ.
ಎರಡೂವರೆ ಮಿಲಿ, ಅಂದಳು, ಸಿರಿಂಜಿನಲ್ಲಿ, ಚಮಚದಲ್ಲಲ್ಲ.
ಆರು ಗಂಟೆಗೊಮ್ಮೆ. ದಿನಕ್ಕೆ ನಾಲ್ಕರ ಮೇಲೆ ಬೇಡ.

ಸಿರಿಂಜಿನ ಕರಿ ಗೆರೆಗೆ ಸಿರಪ್ಪು ಏರಿಸಿದ್ದೆ,
ಆಗ ಅಜ್ಜಿ ಒಲೆಯ ಕಡೆ ಮುಖ ಮಾಡಿ ಅಂದಳು:
ಕತ್ತಲಾಗುವಾಗ ನಾನೂ ಒಂದು ಚಮಚ ಕುಡಿಸಿದ್ದೆ.

ಯಾರೂ ಮಾತಾಡಲಿಲ್ಲ.
ನಾನು ಕೇಳಿದ್ದಿಷ್ಟೇ: ಯಾವ ಚಮಚ?
ಸಕ್ಕರೆ ಡಬ್ಬಿಯಿಂದ ತೆಗೆದುಕೊಟ್ಟಳು, ಹಿಡಿ ಸೊಟ್ಟಗಿನದು.
ಅದರ ತುಂಬ ನೀರು ಹೊಯ್ದು ಸಿರಿಂಜಿಗೆ ಎಳೆದು ನೋಡಿದೆ:
ನಾಲ್ಕು ಮಿಲಿ.
ಮೂರನೆಯ ಸಲ ಗೋಡೆ ಹತ್ತಿದಾಗ ಕಾಲಲ್ಲಿ ಜೀವವಿರಲಿಲ್ಲ.

ಒಂದು ಸಲಕ್ಕೆ ಅಪಾಯವೇನಿಲ್ಲ, ಅಂದಳು ಮಾಲೆಬೊಹಾಂಗ್.
ಅದರ ಮೇಲೆ ಈಗ ಇನ್ನೊಂದು ಕೊಡಬೇಡ.
ಏಳಕ್ಕೆ ಕೊಟ್ಟದ್ದಾದರೆ ಒಂದರವರೆಗೆ ಕಾಯಿ.
ಕಂಬಳಿ ಬಿಚ್ಚು, ಎದೆಹಾಲು ಕೊಡುತ್ತಿರಲಿ.
ಅಜ್ಜಿಯನ್ನು ಬೈಯಬೇಡ. ನಾಳೆ ಅವಳು ಹೇಳದೆ ಹೋದಾಳು.

ಏರಿಸಿದ್ದನ್ನು ಬಾಟಲಿಗೆ ಇಳಿಸಿದೆ.
ಔಷಧಿ ಕೈಯಲ್ಲೇ ಇದ್ದು ಕೊಡದೆ ಕೂತ ಮೂರು ಗಂಟೆ
ನಾನು ತೂಗಿದ ಯಾವ ಮೂಟೆಯೂ ಅಷ್ಟು ಭಾರವಿರಲಿಲ್ಲ.
ಅಜ್ಜಿ ಸಣ್ಣಗೆ ಹಾಡುತ್ತಿದ್ದಳು, ಮಧ್ಯೆ ಮಧ್ಯೆ
ಗಂಟೆ ಎಷ್ಟು, ಗಂಟೆ ಎಷ್ಟು.

ಒಂದಕ್ಕೆ, ಕೆನ್ನೆಯ ಒಳಬದಿಗೆ, ಮೆಲ್ಲಗೆ, ಎರಡೂವರೆ.
ಮೂಟೆಗೆ ಅಂಕಿ ಹಾಕುವ ಮಸಿಯಲ್ಲಿ
ಬಾಗಿಲ ಮೇಲೆ ಬರೆದೆ: ೭, ೧. ಅದರ ಕೆಳಗೆ ಜಾಗ ಬಿಟ್ಟೆ.
ಅಜ್ಜಿಗೆ ಓದು ಬಾರದು. ಬೆರಳಿಟ್ಟು
ಮಸಿ ಹಸಿಯಾಗಿದೆಯಾ ಎಂದು ನೋಡಿದಳು.
ಎರಡರ ಹೊತ್ತಿಗೆ ಖೌಹೆಲೊ ಬೆವರಿ ಲಿನೆಯೊಳ ಎದೆ ಒದ್ದಳು.

ಕುರಿ ಕತ್ತರಿಸುವ ಕಾಲಕ್ಕೆ ಮಸೇರುವಿನಿಂದ ಬಂದ ಸಾಹೇಬರು
ಗೋದಾಮಿನ ಲೆಕ್ಕದ ಪುಸ್ತಕ ತಿರುವುತ್ತ ಒಂದು ಸಾಲಿಗೆ ನಿಂತರು:
ಖೌಹೆಲೊ, ಆರು ಕಿಲೊ, ಕಂಬಳಿ ಕಳೆದು.
ಇದು ಯಾವ ದರ್ಜೆಯ ಉಣ್ಣೆ? ಎಂದು ಕೇಳಿದರು.